ಉಂಡದ್ದು ಮೈಗೆ ಹತ್ತಬೇಕಾದರೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಮ್ಮ ಸಂಘದ ಯುವಕ ಯುವತಿಯರಿಗೆ ಹೊಸದೇನಲ್ಲ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಒಂದಲ್ಲ ಒಂದು ದಿನ ಹೇಳಿಯೇ ಇರುತ್ತಾರೆ. ಅದೇ ಅಜ್ಜಿಯ ಬಾಯಲ್ಲಿ ಇನ್ನೊಂದು ಮಾತನ್ನೂ ನೀವು ಕೇಳಿರಬಹುದು: "ಈ ಹುಡುಗನಿಗೆ ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ." ಈ ಎರಡನೆಯ ಮಾತಿನಲ್ಲಿ ವೈದ್ಯಶಾಸ್ತ್ರದ ಒಂದು ದೊಡ್ಡ ಸತ್ಯ ಅಡಗಿದೆ. ತಿನ್ನುವುದು ಬೇರೆ, ತಿಂದದ್ದು ಮೈಗೆ ಹತ್ತುವುದು ಬೇರೆ. ಇವೆರಡರ ನಡುವೆ ತೆಳುವಾದ ಒಂದು ಗೋಡೆಯಿದೆ. ಅದೇ ನಮ್ಮ ಕರುಳಿನ ಒಳಪದರ.

ನಾನು ಡಾಕ್ಟರಲ್ಲ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಬಂದಂದಿನಿಂದ ಟಿ. ನಗರದಲ್ಲಿ ಸಂಸಾರ ನಡೆಸಿಕೊಂಡಿರುವ ಗೃಹಿಣಿ. ಆದರೆ ನಿಮ್ಮ ವಯಸ್ಸಿನವರು ಹೊಟ್ಟೆಯ ವಿಷಯದಲ್ಲಿ ಇತ್ತೀಚೆಗೆ ತಮಗೆ ತಾವೇ ವೈದ್ಯರಾಗುತ್ತಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕೆನಿಸಿತು. ಇನ್ನೊಂದು ಕಾರಣವೂ ಇದೆ. ಈ ಒಳಪದರ ಕೆಟ್ಟಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟ ಕೆಲಸದ ಒಂದು ದೊಡ್ಡ ಪಾಲು ನಡೆದದ್ದು ನಮ್ಮ ಪಕ್ಕದ ವೆಲ್ಲೂರಿನಲ್ಲಿ. ನಮ್ಮ ಮಕ್ಕಳಿಗೆ ಅದು ಗೊತ್ತಿಲ್ಲದಿದ್ದರೆ ಹೇಗೆ?

ಮೊದಲು ಪದದ ವಿಷಯ ಹೇಳಿಬಿಡುತ್ತೇನೆ. ನೀವು ಶಾಲೆಯಲ್ಲಿ ತಮಿಳಿನ 'ಕುಡಲ್' ಎಂದು ಕಲಿತದ್ದೇ ಕನ್ನಡದ ಕರುಳು. ನಮ್ಮ ಭಾಷೆಯಲ್ಲಿ ಈ ಪದಕ್ಕೆ ಇರುವ ಗೌರವ ಹೃದಯಕ್ಕೂ ಇಲ್ಲ ಎನ್ನಬಹುದು. ಮಕ್ಕಳನ್ನು 'ಕರುಳ ಕುಡಿ' ಎನ್ನುತ್ತೇವೆ. ಕರುಣೆ ಹುಟ್ಟಿದಾಗ ಕರುಳು ಚುರ್ರೆಂದಿತು ಎನ್ನುತ್ತೇವೆ. ಇಷ್ಟೆಲ್ಲ ಹೇಳುವ ನಾವು ಆ ಕರುಳು ದಿನವೂ ಏನು ಕೆಲಸ ಮಾಡುತ್ತದೆ ಎಂದು ಮಾತ್ರ ಯೋಚಿಸುವುದಿಲ್ಲ.

ಒಂದೇ ಸಾಲಿನ ಗೋಡೆ

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಪನಗಲ್ ಪಾರ್ಕಿನ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರುವ ಒಂದು ಸೀರೆಗಿಂತ ತುಸು ಹೆಚ್ಚು. ಅದನ್ನು ಮಡಿಸಿ ಸುತ್ತಿ ನಮ್ಮ ಹೊಟ್ಟೆಯೊಳಗೆ ಇಟ್ಟಿದೆ. ಒಳಗಿನ ಮೈ ನುಣುಪಾಗಿಲ್ಲ. ಟರ್ಕಿ ಟವೆಲ್ಲನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಎದ್ದುನಿಂತ ಸಣ್ಣ ಸಣ್ಣ ನೂಲಿನ ಕುಣಿಕೆಗಳಿರುವುದರಿಂದಲೇ ಅದು ನೀರನ್ನು ಚೆನ್ನಾಗಿ ಹೀರುತ್ತದೆ. ಕರುಳಿನ ಒಳಮೈಯಲ್ಲೂ ಹಾಗೆಯೇ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ, ಬೆರಳಿನಂತಹ ಎಳೆಗಳು ಲಕ್ಷಗಟ್ಟಲೆ ಇವೆ. ಇವಕ್ಕೆ 'ವಿಲ್ಲೈ' ಎಂದು ಹೆಸರು. ಪ್ರತಿ ಎಳೆಯ ಮೇಲಿನ ಪ್ರತಿ ಜೀವಕೋಶಕ್ಕೂ ಬ್ರಷ್ಷಿನಂತಹ ಇನ್ನೂ ಸಣ್ಣ ಕೂದಲುಗಳಿವೆ. ಇದನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ನಮ್ಮ ಕಾಲದ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು, ಅಷ್ಟಿಲ್ಲ, ಬಾಯಿಂದ ಗುದದವರೆಗಿನ ಇಡೀ ದಾರಿಯನ್ನು ಸೇರಿಸಿದರೂ ಸುಮಾರು 32 ಚದರ ಮೀಟರ್, ಎಂದರೆ ಬ್ಯಾಡ್ಮಿಂಟನ್ ಅಂಗಳದ ಅರ್ಧದಷ್ಟು ಎಂದು ಹೇಳಿದರು. ಒಬ್ಬ ಮನುಷ್ಯನ ಹೊಟ್ಟೆಯೊಳಗೆ ಅದೇನು ಕಡಿಮೆಯೇ?

ಇಷ್ಟು ದೊಡ್ಡ ಮೈಯನ್ನು ಮುಚ್ಚಿರುವುದು ಒಂದೇ ಸಾಲು ಜೀವಕೋಶಗಳು. ಕಾಗದಕ್ಕಿಂತಲೂ ತೆಳು. ಒಂದು ಕಡೆ ನಾವು ತಿಂದ ಅನ್ನ, ಸಾರು, ಅದರ ಜೊತೆಗೆ ಬಂದ ಕ್ರಿಮಿಗಳು. ಇನ್ನೊಂದು ಕಡೆ ನಮ್ಮ ರಕ್ತ. ಮಧ್ಯೆ ಈ ಒಂದು ಸಾಲು. ಇದಕ್ಕೆ ಮೂರು ಕೆಲಸಗಳಿವೆ. ಹಾಲಿನ ಸಕ್ಕರೆ, ಗಂಜಿಯ ಅಂಶ ಮುಂತಾದವನ್ನು ಕೊನೆಯ ಹಂತದಲ್ಲಿ ಒಡೆಯುವುದು ಮೊದಲನೆಯದು. ಒಡೆದದ್ದನ್ನು ಆರಿಸಿ ಒಳಗೆ ಕಳಿಸುವುದು ಎರಡನೆಯದು. ಬೇಡದ್ದನ್ನು ಹೊರಗೇ ತಡೆಯುವುದು ಮೂರನೆಯದು. ಒಬ್ಬನೇ ಅಡುಗೆಯವನೂ ಬಡಿಸುವವನೂ ಕಾವಲುಗಾರನೂ ಆದಂತೆ.

ಇಷ್ಟು ಸೂಕ್ಷ್ಮವಾದ ಗೋಡೆ ಉಳಿದುಕೊಂಡಿರುವುದು ಹೇಗೆ? ಅದು ಸದಾ ಹೊಸದಾಗುತ್ತಿರುತ್ತದೆ. ಎಳೆಗಳ ಬುಡದ ಗುಳಿಗಳಲ್ಲಿ ಹೊಸ ಕೋಶಗಳು ಹುಟ್ಟಿ, ಮೆಲ್ಲನೆ ಮೇಲೇರಿ, ತುದಿ ತಲುಪಿ ಉದುರಿಹೋಗುತ್ತವೆ. ಇದಕ್ಕೆ ಹಿಡಿಯುವ ಕಾಲ ಮೂರರಿಂದ ಐದು ದಿನ ಮಾತ್ರ. ಸೋಮವಾರ ಹುಟ್ಟಿದ್ದು ಶುಕ್ರವಾರದ ಹೊತ್ತಿಗೆ ಇರುವುದಿಲ್ಲ. ಒಂದು ದಿನ ಕೆಟ್ಟ ಊಟ ಮಾಡಿ ಹೊಟ್ಟೆ ಕೆಡಿಸಿಕೊಂಡವರು ವಾರದೊಳಗೆ ಸರಿಹೋಗುವ ಗುಟ್ಟು ಇದೇ.

ಗೋಡೆ ಕೆಟ್ಟರೆ

ಈ ಸೌಲಭ್ಯದಲ್ಲೇ ಒಂದು ಅಪಾಯವೂ ಇದೆ. ಇಷ್ಟು ವೇಗವಾಗಿ ಹೊಸ ಕೋಶಗಳು ಹುಟ್ಟಬೇಕಾದರೆ ಪ್ರೋಟೀನು ಬೇಕು, ಫೋಲಿಕ್ ಆಮ್ಲ ಎಂಬ ವಿಟಮಿನ್ ಬೇಕು, ಬಿ-12 ಬೇಕು. ಇವೆಲ್ಲ ಒಳಗೆ ಬರಬೇಕಾದದ್ದು ಇದೇ ಗೋಡೆಯ ಮೂಲಕ. ಗೋಡೆ ಕೆಟ್ಟರೆ ಇವು ಒಳಗೆ ಬರುವುದಿಲ್ಲ. ಇವು ಬಾರದಿದ್ದರೆ ಗೋಡೆ ರಿಪೇರಿಯಾಗುವುದಿಲ್ಲ. ಒಮ್ಮೆ ಈ ಸುಳಿಗೆ ಸಿಕ್ಕಿದರೆ ಹೊಟ್ಟೆತುಂಬ ಉಣ್ಣುವವನೂ ಉಪವಾಸವಿದ್ದವನಂತೆ ಸೊರಗುತ್ತಾನೆ.

ಕರುಳಿನ ಒಂದೊಂದು ಭಾಗ ಒಂದೊಂದನ್ನು ಹೀರುತ್ತದೆ. ಜಠರ ದಾಟಿದ ಕೂಡಲೆ ಸಿಗುವ ಭಾಗದಲ್ಲಿ ಕಬ್ಬಿಣದ ಅಂಶ, ಸುಣ್ಣದ ಅಂಶ. ನಡುವಿನಲ್ಲಿ ಸಕ್ಕರೆ, ಕೊಬ್ಬು, ಫೋಲಿಕ್ ಆಮ್ಲ. ಕೊನೆಯಲ್ಲಿ ಬಿ-12. ಆದ್ದರಿಂದ ಎಲ್ಲಿ ಕೆಟ್ಟಿದೆಯೋ ಅದಕ್ಕೆ ತಕ್ಕಂತೆ ತೊಂದರೆ ಕಾಣುತ್ತದೆ. ವಿಚಿತ್ರವೆಂದರೆ ಅದು ಹೊಟ್ಟೆಯಲ್ಲೇ ಕಾಣಬೇಕೆಂದಿಲ್ಲ. ಕಬ್ಬಿಣ ಸಾಲದೆ ಮುಖ ಬಿಳಿಚಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಬಿ ವಿಟಮಿನ್‌ಗಳು ಸಾಲದೆ ನಾಲಗೆ ಕೆಂಪಾಗಿ ಉರಿಯುತ್ತದೆ, ಸಾರಿನ ಖಾರ ತಡೆಯಲಾಗುವುದಿಲ್ಲ. ಬಿ-12 ಬಹುಕಾಲ ಸಾಲದಿದ್ದರೆ ಕೈಕಾಲು ಜೋಮು ಹಿಡಿಯುತ್ತದೆ. ಸುಣ್ಣದ ಅಂಶ ಸಾಲದೆ ಮೂಳೆ ಸವೆಯುತ್ತದೆ. ವಿಟಮಿನ್ ಎ ಸಾಲದೆ ಸಂಜೆಗಣ್ಣು ಮಂಕಾಗುತ್ತದೆ. ಪ್ರೋಟೀನು ಕಡಿಮೆಯಾದರೆ ಪಾದ ಊದಿಕೊಳ್ಳುತ್ತದೆ. ಕೊಬ್ಬು ಹೀರದೆ ಹೋದರೆ ಮಲ ಎಣ್ಣೆಯಾಗಿ, ವಿಪರೀತ ನಾತ ಬಂದು, ನೀರು ಹಾಕಿದರೂ ಸುಲಭವಾಗಿ ಹೋಗುವುದಿಲ್ಲ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಇಂಥ ಸಂಕೋಚದಿಂದಲೇ ಎಷ್ಟೋ ಮಂದಿ ಡಾಕ್ಟರ ಬಳಿ ಮುಖ್ಯವಾದ ಮಾತನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಬರುತ್ತಾರೆ.

ನಮ್ಮ ಆಯುರ್ವೇದದಲ್ಲಿ ಇದಕ್ಕೆ 'ಗ್ರಹಣಿ' ಎಂಬ ಹೆಸರಿದೆ. ಚರಕಸಂಹಿತೆಯಲ್ಲೇ ಅದರ ವರ್ಣನೆಯಿದೆ. ಗ್ರಹಣಿ ಎಂದರೆ ಹಿಡಿದುಕೊಳ್ಳುವುದು. ಅನ್ನವನ್ನು ಹಿಡಿದಿಟ್ಟು ಪಚನವಾಗುವಂತೆ ಮಾಡುವ ಅಂಗ ಕೆಟ್ಟರೆ ಬರುವ ರೋಗಕ್ಕೂ ಅದೇ ಹೆಸರಾಯಿತು. ಹಳಬರು 'ಸಂಗ್ರಹಣಿ' ಎನ್ನುತ್ತಿದ್ದುದೂ ಇದನ್ನೇ.

ವೆಲ್ಲೂರಿನ ಕೆಲಸ

ಬ್ರಿಟಿಷರ ಕಾಲದಲ್ಲಿ ಇಂಡಿಯಾ, ಸಿಲೋನುಗಳಿಗೆ ಬಂದ ದೊರೆಗಳಿಗೆ ತಿಂಗಳುಗಟ್ಟಲೆ ಭೇದಿಯಾಗಿ, ನಾಲಗೆ ಹುಣ್ಣಾಗಿ, ಮೈ ಇಳಿದುಹೋಗುವ ರೋಗವೊಂದಿತ್ತು. ಅದಕ್ಕೆ 'ಸ್ಪ್ರೂ' ಎಂದು ಹೆಸರು. ಇದು ಉಷ್ಣದೇಶಕ್ಕೆ ಬಂದ ಬಿಳಿಯರ ಕಾಯಿಲೆ ಎಂದೇ ಬಹುಕಾಲ ಭಾವಿಸಿದ್ದರು. ಹಳ್ಳಿಯ ಬಡವರಿಗೂ ಅದೇ ರೋಗ ಬಂದು ಅವರು ಸಾಯುತ್ತಿದ್ದುದು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಲೆಕ್ಕಕ್ಕೆ ತಂದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು. 1900ರಲ್ಲಿ ಐಡಾ ಸ್ಕಡರ್ ಎಂಬಾಕೆ ಒಂದೇ ಹಾಸಿಗೆಯಿಂದ ಆರಂಭಿಸಿದ ಆಸ್ಪತ್ರೆ ಅದು. ಅಲ್ಲಿ ಆಸ್ಟ್ರೇಲಿಯಾದಿಂದ ಬಂದ ಡಾ. ಸೆಲ್ವಿನ್ ಬೇಕರ್ ಮತ್ತು ಅವರ ಜೊತೆಗೆ ಡಾ. ವಿ.ಐ. ಮಾಥನ್ ಈ ರೋಗದ ಬೆನ್ನು ಹತ್ತಿದರು. 1960ರಿಂದ 1962ರ ವೇಳೆಗೆ ಅಂದಿನ ಉತ್ತರ ಆರ್ಕಾಟ್ ಜಿಲ್ಲೆಯ ಹಳ್ಳಿಗಳಲ್ಲಿ ಈ ಸ್ಪ್ರೂ ಸಾಂಕ್ರಾಮಿಕವಾಗಿ ಹಬ್ಬಿತು. ಒಂದು ಮನೆಯಲ್ಲಿ ಒಬ್ಬರಿಗೆ ಬಂದರೆ ಮತ್ತೊಬ್ಬರಿಗೂ ಬರುತ್ತಿತ್ತು. ದುಡಿಯುವ ವಯಸ್ಸಿನವರಿಗೇ ಹೆಚ್ಚಾಗಿ ಬರುತ್ತಿತ್ತು. ಮೊದಲು ಸಾಮಾನ್ಯ ಭೇದಿಯಂತೆ ಶುರುವಾಗಿ, ನಿಲ್ಲದೆ, ವಾರಗಳು ಕಳೆದಂತೆ ರಕ್ತ ಕುಂದಿ, ಪಾದ ಊದಿ, ಜನ ಹಾಸಿಗೆ ಹಿಡಿಯುತ್ತಿದ್ದರು. ಎಷ್ಟೋ ಮಂದಿ ತೀರಿಕೊಂಡರು. ಡಾಕ್ಟರುಗಳು ಹಳ್ಳಿಹಳ್ಳಿಗೆ ಹೋಗಿ ಮನೆಮನೆಯ ಲೆಕ್ಕ ತೆಗೆದುಕೊಂಡರು.

ಆಗ ಅವರ ಕೈಗೆ ಒಂದು ಹೊಸ ಸಾಧನ ಸಿಕ್ಕಿತ್ತು. 1957ರಲ್ಲಿ ಅಮೆರಿಕದ ವಿಲಿಯಂ ಕ್ರಾಸ್ಬಿ ಮಾಡಿದ ಒಂದು ಗುಳಿಗೆ. ತೆಳು ನಳಿಗೆಯ ತುದಿಗೆ ಕಟ್ಟಿದ ಆ ಗುಳಿಗೆಯನ್ನು ರೋಗಿ ನುಂಗಬೇಕು. ಅದು ಕರುಳಿಗೆ ಇಳಿದ ಮೇಲೆ ನಳಿಗೆಯಿಂದ ಗಾಳಿ ಎಳೆದರೆ, ಒಳಗಿರುವ ಪುಟ್ಟ ಅಲಗು ಒಳಪದರದ ಚೂರೊಂದನ್ನು ಕತ್ತರಿಸಿಕೊಂಡು ಬರುತ್ತದೆ. ಹೊಟ್ಟೆ ಕೊಯ್ಯದೆ ಕರುಳಿನ ಗೋಡೆಯನ್ನು ಕಣ್ಣಾರೆ ನೋಡುವುದು ಇದರಿಂದ ಸಾಧ್ಯವಾಯಿತು. ನೋಡಿದರೆ, ರೋಗಿಗಳ ಕರುಳಿನಲ್ಲಿ ಬೆರಳಿನಂತೆ ನಿಂತಿರಬೇಕಾದ ಎಳೆಗಳು ಕುಗ್ಗಿ, ಮೊಂಡಾಗಿ, ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಟರ್ಕಿ ಟವೆಲ್ಲು ಸವೆದು ಹಳೆಯ ಪಂಚೆಯಾದಂತೆ.

ಇದಕ್ಕಿಂತ ಆಶ್ಚರ್ಯದ ಸಂಗತಿ ಬೇರೆಯಿತ್ತು. ಯಾವ ರೋಗವೂ ಇಲ್ಲದ, ಹೊಲದಲ್ಲಿ ಗೇಯುತ್ತಿದ್ದ ನಮ್ಮವರ ಕರುಳಿನಲ್ಲೂ ಎಳೆಗಳು ಯುರೋಪಿನವರಷ್ಟು ಎತ್ತರವಾಗಿರಲಿಲ್ಲ. ಇದು ಜನಾಂಗದ ಗುಣವೇ ಎಂಬ ಪ್ರಶ್ನೆ ಬಂತು. ಉತ್ತರ ಎರಡು ದಿಕ್ಕಿನಿಂದ ಸಿಕ್ಕಿತು. ಅಂದಿನ ಪಾಕಿಸ್ತಾನಕ್ಕೆ ಸೇವೆಗೆ ಬಂದ ಅಮೆರಿಕದ ಯುವಕರ ಕರುಳೂ ಕೆಲವು ತಿಂಗಳಲ್ಲಿ ಹೀಗೇ ಆಗಿ, ಊರಿಗೆ ಮರಳಿದ ಮೇಲೆ ಸರಿಹೋಯಿತು. ಇತ್ತ ನ್ಯೂಯಾರ್ಕಿಗೆ ಹೋಗಿ ನೆಲೆಸಿದ ಭಾರತೀಯರ ಕರುಳು ವರ್ಷಗಳು ಕಳೆದಂತೆ ಸುಧಾರಿಸಿತು. ಎಂದಮೇಲೆ ದೋಷ ರಕ್ತದ್ದಲ್ಲ, ನೀರಿನದು, ನೈರ್ಮಲ್ಯದ್ದು. ಮತ್ತೆ ಮತ್ತೆ ಕೊಳಕು ನೀರು, ಕೊಳಕು ಕೈಯಿಂದ ಒಳಹೋಗುವ ಕ್ರಿಮಿಗಳು ಗೋಡೆಗೆ ಚೇತರಿಸಿಕೊಳ್ಳಲು ಬಿಡುವೇ ಕೊಡುವುದಿಲ್ಲ. ಒಳ್ಳೆಯ ಊಟ ಹಾಕಿದರೂ ಕೆಲವು ಬಡಮಕ್ಕಳು ಬೆಳೆಯುವುದಿಲ್ಲವೇಕೆ ಎಂಬುದಕ್ಕೆ ಇದೂ ಒಂದು ಕಾರಣವೆಂದು ಇಂದು ಜಗತ್ತಿನ ವಿಜ್ಞಾನಿಗಳು ಭಾವಿಸಿದ್ದಾರೆ.

ಸ್ಪ್ರೂವಿಗೆ ಕಾರಣವಾದ ಒಂದೇ ಕ್ರಿಮಿ ಇಂದಿಗೂ ಗುರುತಾಗಿಲ್ಲ. ಔಷಧ ಮಾತ್ರ ಸರಳ. ಫೋಲಿಕ್ ಆಮ್ಲ, ಬಿ-12, ಜೊತೆಗೆ ಕೆಲವು ತಿಂಗಳು ಟೆಟ್ರಾಸೈಕ್ಲಿನ್. ನಾನು ಮೇಲೆ ಹೇಳಿದ ಸುಳಿಯನ್ನು ಇವು ತುಂಡರಿಸುತ್ತವೆ. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಕುಡಿಯುವ ನೀರು ಸುಧಾರಿಸಿದಂತೆ, ಔಷಧಗಳು ಸಿಗುವಂತಾದಂತೆ ಆ ಬಗೆಯ ಸಾಂಕ್ರಾಮಿಕಗಳು ಕಣ್ಮರೆಯಾದವು.

ಎರಡು ಬಗೆಯ ಭೇದಿ

ಗೋಡೆ ಗಟ್ಟಿಯಾಗಿದ್ದೂ ಪ್ರಾಣ ಹೋಗುವ ಭೇದಿಯೊಂದಿದೆ. ಅದು ಕಾಲರಾ. 1992ರ ಅಕ್ಟೋಬರಿನಲ್ಲಿ ನಮ್ಮ ಮದ್ರಾಸಿನಲ್ಲೇ ಅದರ ಹೊಸ ತಳಿಯೊಂದು ಕಾಣಿಸಿಕೊಂಡಿತು. ಮುಂದೆ ಅದಕ್ಕೆ ಓ-139 ಎಂದು ಹೆಸರಾಗಿ, ಬಂಗಾಳ, ಬಾಂಗ್ಲಾದೇಶಗಳಿಗೂ ಹಬ್ಬಿತು. ನಿಮ್ಮಲ್ಲಿ ಕೆಲವರು ಆಗ ಕೈಗೂಸುಗಳು, ಹಲವರು ಹುಟ್ಟಿರಲೇ ಇಲ್ಲ.

ಕಾಲರಾ ಕ್ರಿಮಿ ಕೋಶಗಳನ್ನು ಒಡೆಯುವುದಿಲ್ಲ. ಅದರ ವಿಷ ಕೋಶಗಳ ಒಳಗಿನ ಕೊಳಾಯಿಯನ್ನು ತಿರುಗಿಸಿಟ್ಟಂತೆ ಮಾಡುತ್ತದೆ. ನೀರು ಧಾರಾಕಾರ ಹೊರಹೋಗುತ್ತದೆ. ಗೋಡೆ ನಿಂತಿರುವುದರಿಂದಲೇ ಅದಕ್ಕೊಂದು ಉಪಾಯ ಸಾಧ್ಯವಾಯಿತು. ಗೋಡೆಯಲ್ಲಿ ಉಪ್ಪು ಮತ್ತು ಗ್ಲೂಕೋಸ್ ಜೊತೆಜೊತೆಯಾಗಿಯೇ ಒಳಹೋಗುವ ಬಾಗಿಲೊಂದಿದೆ. ಎರಡೂ ಒಟ್ಟಿಗೆ ಹೋದಾಗ ನೀರೂ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲಾನಬಿಸ್ ಇದನ್ನೇ ನಂಬಿ, ಡ್ರಿಪ್ ಬಾಟಲಿ ಮುಗಿದಾಗ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸ್ ಬೆರೆಸಿ ಕುಡಿಸಿದರು. ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ, ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಮಕ್ಕಳಿಗೆ ಬರುವ ರೋಟಾವೈರಸ್ ಭೇದಿ ಇನ್ನೊಂದು ಬಗೆ. ಅದು ಎಳೆಗಳ ತುದಿಯ ಕೋಶಗಳನ್ನೇ ಕೊಲ್ಲುತ್ತದೆ. ಹಾಲಿನ ಸಕ್ಕರೆ ಒಡೆಯುವ ಕಿಣ್ವ ಇರುವುದು ಆ ತುದಿಯಲ್ಲೇ. ಅದಕ್ಕೇ ಇಂಥ ಭೇದಿಯ ನಂತರ ಕೆಲವು ದಿನ ಹಸುವಿನ ಹಾಲು ಕುಡಿಸಿದರೆ ಕೆಲವು ಮಕ್ಕಳಿಗೆ ಹೊಟ್ಟೆ ಉಬ್ಬರಿಸಿ ಮತ್ತೆ ಭೇದಿಯಾಗುತ್ತದೆ. ತಾಯಿಯ ಹಾಲನ್ನು ಮಾತ್ರ ಎಂದೂ ನಿಲ್ಲಿಸಬಾರದು. ಈ ವೈರಸ್ಸಿನ ವಿರುದ್ಧ ಲಸಿಕೆ ಹುಡುಕುವಾಗ ಎರಡು ಭಾರತೀಯ ತಳಿಗಳು ಮುಂದೆ ಬಂದವು. ಒಂದು ದೆಹಲಿಯದು, ಇನ್ನೊಂದು ನಮ್ಮ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕದ್ದು. ಕೊನೆಗೆ ಗೆದ್ದದ್ದು ದೆಹಲಿಯ ತಳಿ. ಅದರಿಂದಾದ ಲಸಿಕೆಯ ಪರೀಕ್ಷೆಯಲ್ಲಿ ವೆಲ್ಲೂರಿನ ಡಾ. ಗಗನದೀಪ್ ಕಾಂಗ್ ಅವರ ಪಾತ್ರ ದೊಡ್ಡದು. 2016ರಿಂದ ಅದು ಸರ್ಕಾರಿ ಲಸಿಕೆಗಳ ಪಟ್ಟಿಗೆ ಸೇರಿತು.

ಗೋಧಿಯ ಗಲಾಟೆ

ಈಗ ನಿಮ್ಮ ಕಾಲದ ಮಾತಿಗೆ ಬರೋಣ. "ನಾನು ಗ್ಲೂಟೆನ್ ಬಿಟ್ಟಿದ್ದೇನೆ ಆಂಟಿ, ಚಪಾತಿ ಬೇಡ" ಎನ್ನುವ ಹುಡುಗಿಯರು ಈಗ ಸಂಘದ ಊಟದ ಪಂಕ್ತಿಯಲ್ಲೂ ಸಿಗುತ್ತಾರೆ. ಗೋಧಿ, ಬಾರ್ಲಿಗಳಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ಕೆಲವರ ಕರುಳಿನ ಗೋಡೆಯನ್ನು ನಿಜವಾಗಿಯೂ ಕೆಡಿಸುತ್ತದೆ. ಆ ರೋಗಕ್ಕೆ ಸೀಲಿಯಾಕ್ ಎಂದು ಹೆಸರು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಇದರ ಗುಟ್ಟನ್ನು ಕಂಡುಹಿಡಿದರು. 1944-45ರ ಯುದ್ಧಕಾಲದ ಕ್ಷಾಮದಲ್ಲಿ ಬ್ರೆಡ್ಡು ಸಿಗದಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿದಾಗ ಮತ್ತೆ ಮಲಗಿದರು. ಊರೆಲ್ಲ ಹಸಿದಿದ್ದಾಗ ಈ ಮಕ್ಕಳು ಮಾತ್ರ ಮೈ ತುಂಬಿಕೊಂಡದ್ದು ಎಂಥ ವಿಚಿತ್ರ!

ಆದರೆ ನಮ್ಮಲ್ಲಿ ಇದು ಎಷ್ಟು? 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಭಾರತೀಯ ಅಧ್ಯಯನದ ಪ್ರಕಾರ ಉತ್ತರ ಭಾರತದ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು 8 ಮಂದಿಗೆ ಸೀಲಿಯಾಕ್ ಇದ್ದರೆ, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರಿಗೆ. ನಾವು ಅನ್ನ, ರಾಗಿ, ಜೋಳದವರು, ಗೋಧಿ ಕಡಿಮೆ. ಹಾಗೆಂದು ನಮಗೆ ಬರುವುದೇ ಇಲ್ಲ ಎಂದಲ್ಲ. ಅನುಮಾನವಿದ್ದರೆ ರಕ್ತಪರೀಕ್ಷೆಯಿದೆ, ಅಗತ್ಯವಿದ್ದರೆ ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ನೋಡುತ್ತಾರೆ. ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಡಿ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಕರುಳು ಅಷ್ಟರಮಟ್ಟಿಗೆ ಚೇತರಿಸಿಕೊಂಡು, ರೋಗ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ತಾವೇ ಡಾಕ್ಟರಾದರೆ

ನಮ್ಮ ಪರಿಚಯದವರ ಮನೆಯ ಹುಡುಗನೊಬ್ಬ ಹಳೆಯ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸಕ್ಕಿದ್ದ. ಮೂರು ಹೊತ್ತೂ ಹೊರಗಿನ ಊಟ. ಒಂದು ಸಲ ಹೊಟ್ಟೆ ಕೆಟ್ಟಿತು. ಪೂರ್ತಿ ಸರಿಹೋಗಲೇ ಇಲ್ಲ. ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿದ. ಸ್ವಲ್ಪ ದಿನ ತಡೆಯಿತು, ಮತ್ತೆ ಶುರುವಾಯಿತು. ಗೆಳೆಯರ ಮಾತು ಕೇಳಿ ಹಾಲು ಬಿಟ್ಟ, ಗೋಧಿ ಬಿಟ್ಟ, ಆಮೇಲೆ ಬೇಳೆಯನ್ನೂ ಬಿಟ್ಟ. 'ಕರುಳಿನ ಸೋರಿಕೆ' ನಿಲ್ಲಿಸುತ್ತದೆ ಎಂದು ಎರಡು ಸಾವಿರ ರೂಪಾಯಿಯ ಡಬ್ಬಿಯೊಂದನ್ನು ತರಿಸಿದ. ನಾಲ್ಕು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದ. ಅವನ ತಾಯಿ ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಲಪರೀಕ್ಷೆಯಲ್ಲಿ ಸಿಕ್ಕದ್ದು ಜಿಯಾರ್ಡಿಯಾ ಎಂಬ ಸೂಕ್ಷ್ಮ ಪರೋಪಜೀವಿ. ಕೊಳಕು ನೀರಿನಿಂದ ಬಂದು ಕರುಳಿನ ಗೋಡೆಗೆ ಅಂಟಿಕೊಂಡು ಕುಳಿತು, ಎಳೆಗಳನ್ನು ಕೆಡಿಸುವ ಪ್ರಾಣಿ. ಕೆಲವು ದಿನದ ಮಾತ್ರೆಯಲ್ಲಿ ಅದು ಹೋಯಿತು. ಮಾತ್ರೆಯ ಬೆಲೆ ಆ ಡಬ್ಬಿಯ ಮುಚ್ಚಳದಷ್ಟೂ ಇರಲಿಲ್ಲ. ಮೊದಲ ತಿಂಗಳೇ ಒಂದು ಮಲಪರೀಕ್ಷೆ ಆಗಿದ್ದರೆ ಆ ಮನೆಯವರ ನಾಲ್ಕು ತಿಂಗಳ ಕಣ್ಣೀರು ಉಳಿಯುತ್ತಿತ್ತು.

ಈ 'ಸೋರುವ ಕರುಳು' ಎಂಬ ಮಾತಿನಲ್ಲಿ ಎಷ್ಟು ನಿಜ? ಸೀಲಿಯಾಕ್, ಕ್ರೋನ್ಸ್ ಮುಂತಾದ ರೋಗಗಳಲ್ಲಿ ಕೋಶಗಳ ನಡುವಿನ ಬೆಸುಗೆ ಸಡಿಲವಾಗುವುದು ನಿಜ. ಆದರೆ ಸುಸ್ತು, ತಲೆನೋವು, ಮೊಡವೆ, ಬೇಸರ ಎಲ್ಲದಕ್ಕೂ ಅದೇ ಮೂಲ, ಈ ಪುಡಿ ಕುಡಿದರೆ ಎಲ್ಲ ವಾಸಿ ಎನ್ನುವುದು ಸಾಬೀತಾಗಿಲ್ಲ. ಕಾರಣ ಹುಡುಕದೆ ಪುಡಿ ಕುಡಿದರೆ ಕಾರಣ ಅಲ್ಲೇ ಉಳಿಯುತ್ತದೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಇದೆ ಎಂಬುದನ್ನೂ ಮರೆಯಬಾರದು. ಅದು ತಡವಾದರೆ ಕಷ್ಟ.

ಇನ್ನೊಂದು ಅಭ್ಯಾಸ ನೋವಿನ ಮಾತ್ರೆಯದು. ತಲೆನೋವು, ಬೆನ್ನುನೋವು, ಮುಟ್ಟಿನ ಹೊಟ್ಟೆನೋವು ಎಂದು ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಮಾತ್ರೆಗಳನ್ನು ಕಡಲೆಪುರಿಯಂತೆ ನುಂಗುವವರಿದ್ದಾರೆ. ಇವು ಜಠರದಲ್ಲಿ ಮಾತ್ರವಲ್ಲದೆ ಸಣ್ಣ ಕರುಳಿನಲ್ಲೂ ಹುಣ್ಣು ಮಾಡಿ, ಕಾಣದಂತೆ ರಕ್ತ ಜಿನುಗಿಸಬಲ್ಲವು. ಅಪರೂಪಕ್ಕೊಂದು ತೆಗೆದುಕೊಂಡರೆ ಹೆದರಬೇಕಾಗಿಲ್ಲ. ವಾರಗಟ್ಟಲೆ ಬೇಕಾದರೆ ಡಾಕ್ಟರನ್ನು ಕೇಳಿ. ಹಾಗೆಯೇ ಮಿತಿಮೀರಿದ ಮದ್ಯ, ಚೀಟಿಯಿಲ್ಲದೆ ತಂದ ಆಂಟಿಬಯಾಟಿಕ್. ಇವೂ ಕರುಳಿಗೆ ಮಿತ್ರರಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ನೀರು ಮೊದಲು. ನಮ್ಮ ಊರಿನಲ್ಲಿ ಮೆಟ್ರೋ ವಾಟರ್, ಬಾವಿ, ಲಾರಿ, ಕ್ಯಾನ್ ಎಂದು ನಾಲ್ಕು ಬಗೆಯ ನೀರು. 2015ರ ಡಿಸೆಂಬರಿನ ನೆರೆಯಲ್ಲಿ ಚರಂಡಿ ನೀರೂ ಕುಡಿಯುವ ನೀರೂ ಒಂದಾದುದನ್ನು ನಾವೆಲ್ಲ ಕಂಡಿದ್ದೇವೆ. ಅನುಮಾನವಿದ್ದರೆ ಕುದಿಸಿ ಆರಿಸಿ ಕುಡಿಯಿರಿ. ರಂಗನಾಥನ್ ಬೀದಿಯಲ್ಲಿ ತಿರುಗಾಡಿ ಬಂದ ಕೈಯಲ್ಲಿ ಬಜ್ಜಿ ತಿನ್ನುವ ಮೊದಲು ಸೋಪು ಹಾಕಿ ತೊಳೆಯಿರಿ. ವೆಲ್ಲೂರಿನ ಪಾಠ ಇದೇ ತಾನೆ?

ಭೇದಿಯಾದಾಗ ಉಪವಾಸ ಬೇಡ. ಔಷಧದಂಗಡಿಯ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಹೆಸರಿನಲ್ಲಿ ಮಾತ್ರ 'ಓಆರ್‌ಎಸ್' ಇದ್ದ ಸಿಹಿ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಪೊಟ್ಟಣ ಓದಿ ಕೊಳ್ಳಿ. ಮಕ್ಕಳಿಗೆ ಡಾಕ್ಟರು ಬರೆದುಕೊಟ್ಟ ಜಿಂಕ್ ಔಷಧವನ್ನು, ಭೇದಿ ನಿಂತರೂ, 14 ದಿನ ಪೂರ್ತಿ ಕೊಡಬೇಕು. ಗೋಡೆಯ ರಿಪೇರಿಗೆ ಅದು ಬೇಕು.

ಚೇತರಿಕೆಯ ಊಟಕ್ಕೆ ನಮ್ಮ ಅಡುಗೆಮನೆ ಸಾಕು. ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು, ಹೆಸರುಬೇಳೆ, ಬಾಳೆಹಣ್ಣು, ಮಜ್ಜಿಗೆ. ಹಾಲು ಒಗ್ಗದಿರುವಾಗಲೂ ಮೊಸರು ಒಗ್ಗುವುದುಂಟು; ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆಯಲ್ಲಿ ಒಂದಷ್ಟು ಕರಗಿರುತ್ತದೆ. ಮೈ ಸರಿಯಾದ ಮೇಲೆ ಸೊಪ್ಪು, ಕಾಳು, ರಾಗಿ. ಇವುಗಳ ನಾರಿನಿಂದ ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ. ನಾವು ನಾರು ತಿನ್ನದಿದ್ದರೆ ನಮ್ಮ ಗೋಡೆಗೆ ಊಟವಿಲ್ಲ! ಅನ್ನ ಬೇಯಿಸಿ ಆರಿಸಿದಾಗಲೂ ಇಂಥದೇ ಅಂಶ ಸ್ವಲ್ಪ ಹೆಚ್ಚುತ್ತದೆ. ಹಾಗೆಂದು ಬೇಸಗೆಯಲ್ಲಿ ದಿನವಿಡೀ ಹೊರಗಿಟ್ಟ ಅನ್ನ ಉಣ್ಣಬೇಡಿ. ಕೆಟ್ಟ ಅನ್ನ ಯಾವ ಶಾಸ್ತ್ರದಲ್ಲೂ ಔಷಧವಲ್ಲ.

ಯಾವಾಗ ಡಾಕ್ಟರ ಬಳಿ ಹೋಗಬೇಕು? ಭೇದಿ ಎರಡು ವಾರ ದಾಟಿದರೆ. ಕಾರಣವಿಲ್ಲದೆ ತೂಕ ಇಳಿದರೆ. ಮಲದಲ್ಲಿ ರಕ್ತ ಕಂಡರೆ, ಅದು ಕಪ್ಪಗಾದರೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಾದರೆ. ಸಂಜೆ ಸಂಜೆ ಜ್ವರ ಬಂದರೆ. ಕಬ್ಬಿಣದ ಮಾತ್ರೆ ತಿಂದರೂ ರಕ್ತ ಏರದಿದ್ದರೆ. ಹುಡುಗಿಯರೇ, ಈ ಕೊನೆಯದನ್ನು ವಿಶೇಷವಾಗಿ ಗಮನಿಸಿ. "ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇರುವುದು ಸಹಜ" ಎಂದು ವರ್ಷಗಟ್ಟಲೆ ಮಾತ್ರೆ ನುಂಗುತ್ತಾ ಕೂರಬೇಡಿ. ತಿಂದ ಮಾತ್ರೆ ಮೈಗೆ ಹತ್ತುತ್ತಿದೆಯೇ ಎಂದು ಡಾಕ್ಟರನ್ನು ಕೇಳಿ. ಕೇಳುವುದು ಉದ್ಧಟತನವಲ್ಲ.

ನಿಮ್ಮಲ್ಲಿ ಅನೇಕರು ಓದಿಗೆ, ಕೆಲಸಕ್ಕೆ ಊರು ಬಿಟ್ಟು ಹೋಗುವವರು. ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವಾಗ ಹೊಟ್ಟೆಯ ಸಂಕಟ ಹೇಳಿಕೊಳ್ಳಲು ಯಾರೂ ಇರುವುದಿಲ್ಲ. ಆಗ ತಾವೇ ತೀರ್ಪು ಕೊಟ್ಟುಕೊಳ್ಳಬೇಡಿ. ಮನೆಗೆ ಒಂದು ಫೋನ್ ಮಾಡಿ, ಹತ್ತಿರದ ಡಾಕ್ಟರ ಬಳಿ ಎಲ್ಲವನ್ನೂ ಸಂಕೋಚವಿಲ್ಲದೆ ಹೇಳಿ. ಕರುಳಿನ ಗೋಡೆಗೆ ತನ್ನನ್ನು ತಾನೇ ಕಟ್ಟಿಕೊಳ್ಳುವ ಶಕ್ತಿಯಿದೆ. ಕೆಡಿಸುತ್ತಿರುವ ಕಾರಣವನ್ನು ಕಂಡುಹಿಡಿದು ತೆಗೆದುಹಾಕಿದರೆ, ಉಣ್ಣುವುದನ್ನು ಹದವಾಗಿ ಉಂಡರೆ, ಸಾಮಾನ್ಯವಾಗಿ ಅದು ನಮ್ಮ ಕೈ ಬಿಡುವುದಿಲ್ಲ. ಉಂಡದ್ದು ನಿಮ್ಮೆಲ್ಲರ ಮೈಗೆ ಹತ್ತಲಿ ಎಂದು ಹಾರೈಸುತ್ತೇನೆ.